ಮೈಸೂರಲ್ಲಿ ಯಾರಾದರೂ "ಅರಮನೆ ಇವತ್ತು ಮುಚ್ಚಿದೆ" ಅಂದರೆ ದಯವಿಟ್ಟು ಆಟೋ ಹತ್ತಬೇಡಿ

ಬರೆಯಲೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ನಾಚಿಕೆ ಆಗುತ್ತೆ. ಹೊರರಾಜ್ಯದವರು ಮೋಸ ಹೋದರೆ "ಪಾಪ, ಭಾಷೆ ಬರಲ್ಲ" ಅನ್ನಬಹುದು. ನಾನು ಶಿವಮೊಗ್ಗದವಳು. ಕನ್ನಡದಲ್ಲೇ ಮಾತಾಡಿ, ಕನ್ನಡದಲ್ಲೇ ಮೋಸ ಹೋದೆ.

ಶನಿವಾರ ರಾತ್ರಿ ಹತ್ತಕ್ಕೆ ಗೆಳತಿ ಫೋನ್ ಮಾಡಿ "ನಾಳೆ ಎಲ್ಲಾದ್ರೂ ಹೋಗೋಣ್ವಾ?" ಅಂದಳು. ಪ್ಲಾನು ಗೀನು ಏನೂ ಇಲ್ಲ. ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಮೈಸೂರು ಬಸ್ ಹತ್ತಿದೆವು. ಇಳಿದು ದೋಸೆ ತಿಂದು ಅರಮನೆ ಕಡೆ ನಡೆದೆವು. ಹತ್ತೂವರೆ ಇರಬಹುದು. ಎದುರಿಗೆ ಜಯಮಾರ್ತಾಂಡ ಗೇಟು. ಮುಚ್ಚಿತ್ತು.

ಪಕ್ಕದಲ್ಲೇ ಆಟೋ. "ಅಕ್ಕಾ, ಅರಮನೆಗಾ? ಇವತ್ತು ಒಳಗೆ ಪೂಜೆ. ಒಂದೂವರೆ ಮೇಲೆ ಬಿಡೋದು. ಗೇಟ್ ಹಾಕಿರೋದು ಕಾಣ್ತಿಲ್ವಾ?"

ಕಾಣ್ತಿತ್ತು. ಅದಕ್ಕೇ ನಂಬಿದೆ.

"ಅಲ್ಲಿವರೆಗೂ ಸುಮ್ನೆ ಯಾಕೆ ಬಿಸಿಲಲ್ಲಿ ನಿಲ್ತೀರ? ನೂರು ರೂಪಾಯಿ ಕೊಡಿ, ಊರು ತೋರಿಸ್ತೀನಿ. ನೀವು ನಮ್ಮೋರು, ಜಾಸ್ತಿ ಕೇಳಲ್ಲ." ನಮ್ಮೋರು! ಆ ಒಂದು ಮಾತಿಗೆ ನಾವಿಬ್ಬರೂ ಕರಗಿಹೋದೆವು. ಮೂರು ಗಂಟೆ ಸುತ್ತಾಡಿಸೋಕೆ ನೂರು ರೂಪಾಯಿ ತಗೊಳ್ಳೋ ಆಟೋ ಎಲ್ಲಾದರೂ ಇರುತ್ತಾ? ಅದು ಆಗ ಹೊಳೆಯಲಿಲ್ಲ.

ಚರ್ಚಿನ ಎದುರು ಎರಡು ನಿಮಿಷ ನಿಲ್ಲಿಸಿದ, ಅಷ್ಟೇ. ಆಮೇಲೆ ಸೀದಾ ಒಂದು ಓಣಿಯ ಅಂಗಡಿ. "ಸರ್ಕಾರಿದೇ ಅಕ್ಕಾ, ಎಣ್ಣೆ, ಸಿಲ್ಕು ಎರಡೂ ಸಿಗುತ್ತೆ." ಮೈಸೂರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಇರುವುದು ನಿಜ. ಆ ನಿಜವನ್ನೇ ನೆನೆಸಿಕೊಂಡು ಈ ಸುಳ್ಳನ್ನೂ ನುಂಗಿದೆವು. ಒಳಗೆ ಒಬ್ಬಾಕೆ ಕೂತು ಅಗರಬತ್ತಿ ಹೊಸೆಯುತ್ತಿದ್ದರು. ಅಂಗಡಿಯವನು ನಮ್ಮ ಮುಂಗೈಗೆ ಎಣ್ಣೆ ಸವರಿದ, ಟೀ ತರಿಸಿದ. ಗೆಳತಿ 900 ರೂಪಾಯಿಗೆ ಒಂದು ಪುಟ್ಟ ಬಾಟಲಿ ತಗೊಂಡಳು. ನಾನು ಅಮ್ಮನಿಗೆ ಅಂತ 7,800ಕ್ಕೆ "ಮೈಸೂರು ಸಿಲ್ಕ್" ಸೀರೆ.

ಫೋನ್‌ಪೇ ಆಗಲ್ಲ, ನೆಟ್‌ವರ್ಕ್ ಇಲ್ಲ ಅಂದ. ಡ್ರೈವರೇ ಎಟಿಎಂಗೆ ಕರೆದುಕೊಂಡು ಹೋಗಿ, ದುಡ್ಡು ತೆಗೆಸಿ, ವಾಪಸ್ ಕರೆದುಕೊಂಡು ಬಂದ. ಹೌದು, ನಾನೇ ಹೋಗಿ ತೆಗೆದುಕೊಟ್ಟೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಮಧ್ಯಾಹ್ನ ಅದೇ ಗೇಟಿನ ಮುಂದೆ ಇಳಿಸಿ ಹೋದ. ಗೇಟು ಇನ್ನೂ ಮುಚ್ಚಿತ್ತು. ಕಡಲೆಕಾಯಿ ಮಾರುವ ಅಜ್ಜ ನಮ್ಮನ್ನು ನೋಡಿ, "ಹಗಲೊತ್ತು ಇದ್ರಲ್ಲಿ ಬಿಡಲ್ಲ ಕಣಮ್ಮ. ಆ ಕಡೆ ವರಾಹ ಗೇಟಿಗೆ ಹೋಗಿ. ಹತ್ತು ಗಂಟೆಗೇ ತೆಗ್ದವ್ರಲ್ಲ" ಅಂದ. ಪೂಜೆ? "ಯಾವ ಪೂಜೆ?"

ಅಲ್ಲೇ ಕಟ್ಟೆ ಮೇಲೆ ಕೂತು ಸೀರೆ ಫೋಟೋ ಅಮ್ಮನಿಗೆ ಕಳಿಸಿದೆ. ತಕ್ಷಣ ಫೋನ್. "ನಂಬರ್ ಎಲ್ಲೇ?" ಯಾವ ನಂಬರಮ್ಮ? "ಅಸಲಿ ಕೆಎಸ್‌ಐಸಿ, ಅಂದ್ರೆ ಸರ್ಕಾರದ ರೇಷ್ಮೆ ನಿಗಮದ ಸೀರೆಗೆ ಒಂದೊಂದಕ್ಕೂ ಕೋಡ್ ನಂಬರ್ ಇರುತ್ತೆ, ಹೊಲೋಗ್ರಾಮ್ ಇರುತ್ತೆ. ಅಷ್ಟು ದುಡ್ಡಿಗೆ ಅದು ಎಲ್ಲಿ ಬರುತ್ತೆ, ಪೆದ್ದಿ?" ಸೀರೆ ಪೂರ್ತಿ ಬಿಡಿಸಿ ಹುಡುಕಿದೆವು. ಫುಟ್‌ಪಾತಿನಲ್ಲಿ, ಎಲ್ಲರೂ ನೋಡುವಾಗ. ಏನೂ ಇಲ್ಲ.

ಇನ್ನೊಂದು ಆಟೋ ಹಿಡಿದು ಆ ಅಂಗಡಿಗೆ ವಾಪಸ್ ಹೋದೆವು. ಈ ಡ್ರೈವರ್ ಮೀಟರ್ ಹಾಕಿದ. "ಅಲ್ಲಿ ಜನ ಇಳಿಸಿದ್ರೆ ಕಮಿಷನ್ ಕೊಡ್ತಾರೆ ಮೇಡಂ, ನಾನು ಹೋಗಲ್ಲ" ಅಂತ ತಾನಾಗೇ ಹೇಳಿದ. ಎಲ್ಲ ಆಟೋದವರನ್ನೂ ಬಯ್ಯುತ್ತಿಲ್ಲ, ಅದಕ್ಕೇ ಇದನ್ನೂ ಬರೆದೆ.

ಬೆಳಿಗ್ಗೆ "ಅಕ್ಕಾ ಅಕ್ಕಾ" ಅಂದ ಅಂಗಡಿಯವನು ಈಗ ತಲೆ ಎತ್ತಿಯೂ ನೋಡಲಿಲ್ಲ. "ಮೇಡಂ, ಮೈಸೂರಲ್ಲಿ ತಗೊಂಡ ಸಿಲ್ಕು ಮೈಸೂರು ಸಿಲ್ಕೇ ತಾನೆ? ಕೆಎಸ್‌ಐಸಿ ಅಂತ ನಾನು ಅಂದ್ನಾ?"

ಸರ್ಕಾರಿ ಅಂದ್ರಲ್ಲ?

"ಅಂದಿದ್ದು ಡ್ರೈವರ್ರು. ಅವರನ್ನೇ ಕೇಳಿ."

ಬಿಲ್ ತೋರಿಸಿದೆ. ಬಿಳಿ ಚೀಟಿ, ಮೇಲೆ "ಎಸ್ಟಿಮೇಟ್" ಅಂತ ಮಾತ್ರ. "ಇದರಲ್ಲಿ ನಮ್ಮ ಅಂಗಡಿ ಹೆಸರು ಎಲ್ಲಿದೆ ತೋರಿಸಿ ನೋಡೋಣ?" ಅಂದ. ನಾನು ಜೋರು ಮಾಡಿದಾಗ ಹೇಳಿದ್ದು ಕೇಳಿ: "ಬೇಜಾರ್ ಮಾಡ್ಕೋಬೇಡಿ, ಇನ್ನೊಂದು ಸೀರೆ ತಗೊಳ್ಳಿ, ಸಾವಿರ ಕಮ್ಮಿ ಮಾಡ್ತೀನಿ."

ಬೆಂಗಳೂರಿಗೆ ಬಂದಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಅಂಗಡಿ ಹೆಸರು ಕೇಳಿದರು. ಏನಂತ ಹೇಳಲಿ?

ಹೋಗುವವರು ಇಷ್ಟು ಮಾಡಿ. ಪ್ರವಾಸಿಗರು ಹಗಲು ಒಳಗೆ ಹೋಗುವುದು ವರಾಹ ಗೇಟಿನಿಂದ, ಅಲ್ಲಿವರೆಗೂ ನಿಮ್ಮ ಕಾಲಲ್ಲೇ ನಡೆದು ಹೋಗಿ. ಜಿಎಸ್‌ಟಿ ನಂಬರ್ ಇಲ್ಲದ ಚೀಟಿಗೆ ದುಡ್ಡು ಕೊಡಬೇಡಿ. "ನಮ್ಮೋರು" ಅಂದವರ ಹತ್ತಿರವಂತೂ ಇನ್ನೂ ಹುಷಾರು.

ಅವತ್ತು ಭಾನುವಾರ ಅಲ್ವಾ, ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕಿದರು. ಸುಮಾರು ಒಂದು ಲಕ್ಷ ಬಲ್ಬು, ಒಂದೇ ಸಲಕ್ಕೆ. ಜನ "ಹೋ" ಅಂತ ಕೂಗಿದರು. ನನ್ನ ಕೈಯಲ್ಲಿ ಸೀರೆ ಕವರು. ಗೆಳತಿ ಮುಂಗೈ ಮೂಸಿ ನೋಡಿಕೊಂಡು, "ವಾಸನೆ ಆಗ್ಲೇ ಹೋಯ್ತು ಕಣೇ" ಅಂದಳು.