ಇಂಧನ ಉಳಿಸುವ ಫ್ಲೈಟ್ ಪ್ಲಾನಿಂಗ್ ಸಿಸ್ಟಮ್: ವರ್ಷಗಟ್ಟಲೆ ಬಳಸಿದ ಮೇಲೆ

ಮುಂಬೈಯಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಕೆಲಸ ನನ್ನದು. ವಿಮಾನ ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ ಹೋಗಬೇಕು, ಎಷ್ಟು ಇಂಧನ ಬೇಕು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಒಂದು ಕಡೆ, ಆ ಲೆಕ್ಕವನ್ನು ಕಾಕ್‌ಪಿಟ್‌ನ ಎಫ್‌ಎಂಎಸ್‌ಗೆ (ವಿಮಾನದ ದಾರಿ ನೋಡಿಕೊಳ್ಳುವ ಕಂಪ್ಯೂಟರ್) ಮುಟ್ಟಿಸುವ ಡೇಟಾಲಿಂಕ್ ಇನ್ನೊಂದು ಕಡೆ. ಎರಡೂ ಸೇರಿದ ಪ್ಯಾಕೇಜ್ ಇದು. ಕಂಪನಿ ಹೆಸರು ಬೇಡ. ತಗೊಳ್ಳಬಹುದಾ ಅಂದರೆ, ಖಂಡಿತ ತಗೊಳ್ಳಿ. ಆದರೆ ಡೆಮೊದಲ್ಲಿ ತೋರಿಸುವ ಬಣ್ಣದ ಮ್ಯಾಪ್ ನೋಡಿ ಅಲ್ಲ, ಗಾಳಿಯ ಮಾಹಿತಿ ವಿಮಾನಕ್ಕೆ ಹೇಗೆ, ಯಾವಾಗ ಹೋಗುತ್ತೆ ಅಂತ ಕೇಳಿಕೊಂಡು ತಗೊಳ್ಳಿ.

ಮುಂಬೈ–ದುಬೈ ಸೆಕ್ಟರ್ ನೋಡಿ. ಸಾಮಾನ್ಯವಾಗಿ ಎತ್ತರದಲ್ಲಿ ಹಾರಿದರೆ ಇಂಧನ ಕಡಿಮೆ ಸಾಕು, ಆದರೆ ಚಳಿಗಾಲದಲ್ಲಿ ಅಲ್ಲೇ ಪಶ್ಚಿಮದ ಜೆಟ್ ಗಾಳಿ ಎದುರಿಗೆ ಜೋರಾಗಿ ಬೀಸುತ್ತಿರುತ್ತೆ. ಕೆಲವು ದಿನ 36,000 ಅಡಿಗಿಂತ 32,000 ಅಡಿಯೇ ಲಾಭ. ಗಂಟೆಗೆ ಸ್ವಲ್ಪ ಜಾಸ್ತಿ ಸುಟ್ಟರೂ ಬೇಗ ತಲುಪುತ್ತೇವೆ, ಒಟ್ಟಿನಲ್ಲಿ ಉಳಿಯುತ್ತೆ. ಈ ಹೋಲಿಕೆಯನ್ನು ಸಿಸ್ಟಮ್ ಪ್ರತಿ ಲೆವೆಲ್‌ಗೂ ಮಾಡಿ ಮುಂದಿಡುತ್ತೆ. ಲೆಕ್ಕದ ಮೇಲೆ ನಂಬಿಕೆ ಬಂದ ಮೇಲೆ ನಮ್ಮ ಕ್ಯಾಪ್ಟನ್‌ಗಳೂ 'ಇರಲಿ ಬಿಡಿ' ಅಂತ ಸುಮ್ನೆ ಹೆಚ್ಚುವರಿ ಇಂಧನ ಕೇಳುವುದು ಕಡಿಮೆಯಾಯಿತು. ಇದು ಸಣ್ಣ ವಿಷಯ ಅಲ್ಲ. ಬೇಡದ ಒಂದು ಟನ್ ಹೊತ್ತೊಯ್ದರೆ ಅದನ್ನು ಹೊರುವುದಕ್ಕೇ ಗಂಟೆಗೆ ಅದರ ಸುಮಾರು ಶೇ 3ರಷ್ಟು ಸುಡುತ್ತೆ. ಸುಟ್ಟ ಪ್ರತಿ ಕಿಲೋ ಇಂಧನಕ್ಕೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ.

ನನಗೆ ಅತಿ ಹೆಚ್ಚು ಇಷ್ಟವಾದದ್ದು ವಾಪಸ್ ಬರುವಾಗಿನ ಕೆಲಸ. ಅದೇ ಗಾಳಿ ಈಗ ಬೆನ್ನಿಗೆ. ಎಲ್ಲಿಂದ ಇಳಿಯಲು ಶುರು ಮಾಡಬೇಕು ಅಂತ ಎಫ್‌ಎಂಎಸ್ ತನಗೆ ಗೊತ್ತಿರುವ ಗಾಳಿಯ ಮೇಲೆ ಲೆಕ್ಕ ಹಾಕುತ್ತೆ. ಹೊರಡುವಾಗ ತುಂಬಿದ ಹಳೇ ಗಾಳಿಯೇ ಅದರಲ್ಲಿದ್ದು, ನಿಜವಾದ ಬೆನ್ನುಗಾಳಿ ಜಾಸ್ತಿ ಇದ್ದರೆ ವಿಮಾನ ಇರಬೇಕಾದ್ದಕ್ಕಿಂತ ಮೇಲೇ ಉಳಿದುಬಿಡುತ್ತೆ, ಆಮೇಲೆ ಪೈಲಟ್ ಸ್ಪೀಡ್ ಬ್ರೇಕ್ (ರೆಕ್ಕೆಯ ಮೇಲೆ ಎದ್ದು ಗಾಳಿಗೆ ತಡೆಯೊಡ್ಡುವ ಹಲಗೆಗಳು) ಎಳೆಯಬೇಕು. ಬ್ರೇಕ್ ಎಳೆದು ಕಳೆದ ಎತ್ತರ ಇಂಧನ ಸುಟ್ಟು ಗಳಿಸಿದ್ದೇ ಅಲ್ವಾ? ಗಾಳಿ ಬೆನ್ನಿಗೆ ಅಂದುಕೊಂಡದ್ದಕ್ಕಿಂತ ಕಡಿಮೆ ಇದ್ದರೆ ಉಲ್ಟಾ. ಬೇಗ ಕೆಳಗಿಳಿದು, ಇಂಜಿನ್‌ಗೆ ಮತ್ತೆ ಪವರ್ ಕೊಟ್ಟು ತೆವಳಬೇಕು. ಇಳಿಯುವ ಮುಂಚೆ ಹೊಸ ಗಾಳಿಯ ಮಾಹಿತಿ ಅಪ್‌ಲಿಂಕ್ ಮಾಡಿದರೆ, ಅಂದರೆ ನೆಲದಿಂದ ವಿಮಾನಕ್ಕೆ ಕಳಿಸಿದರೆ, ಇಂಜಿನ್ ಐಡಲ್‌ನಲ್ಲೇ (ಕನಿಷ್ಠ ಪವರ್‌ನಲ್ಲೇ) ಇಟ್ಟು ಬಹುದೂರ ಜಾರಿಕೊಂಡು ಬರಬಹುದು. ನಮ್ಮ ಕನ್ನಡದ ಕ್ಯಾಪ್ಟನ್ ಒಬ್ಬರು ಇಳಿದ ಮೇಲೆ ಫೋನ್ ಮಾಡಿ "ಇವತ್ತು ಗಾಳಿ ಸರಿಯಾಗಿ ಕೊಟ್ರಿ" ಅಂದಾಗ ಮನಸ್ಸಿಗೆ ತುಂಬಾ ಹಿತ ಅನಿಸುತ್ತೆ.

ಹಾಗಂತ ಎಲ್ಲಾ ಚೆನ್ನಾಗಿದೆ ಅನ್ನಲ್ಲ. ದಾರಿ, ಪಾಯಿಂಟ್‌ಗಳ ವಿವರ ಇರುವ ನ್ಯಾವಿಗೇಷನ್ ಡೇಟಾಬೇಸ್ 28 ದಿನಕ್ಕೊಮ್ಮೆ ಬದಲಾಗುತ್ತೆ. ನಮ್ಮಲ್ಲಿ ಹೊಸದು, ವಿಮಾನದಲ್ಲಿ ಹಳೆಯದು ಇದ್ದ ದಿನ ರೂಟ್ ಅಪ್‌ಲಿಂಕ್ ಅರ್ಧಕ್ಕೇ ನಿಂತು, ಪೈಲಟ್ ಉಳಿದ ಪಾಯಿಂಟ್‌ಗಳನ್ನು ಕೈಯಲ್ಲೇ ಹೊಡೆಯಬೇಕು. ಸಿಸ್ಟಮ್ ಮೊದಲೇ ಎಚ್ಚರಿಸಬಹುದಿತ್ತು, ಎಚ್ಚರಿಸಲ್ಲ. ಪುಣೆ ವಾಯುಪಡೆಯ ನೆಲೆ, ಗೋವಾದ ದಾಬೋಲಿಂ ನೌಕಾಪಡೆಯದು. ಅವುಗಳ ಸುತ್ತಲಿನ ಮಿಲಿಟರಿ ವಾಯುಪ್ರದೇಶ ಯಾವಾಗ ತೆರೆದಿರುತ್ತೆ ಅನ್ನುವುದನ್ನು ಇಂದಿಗೂ ನಾವೇ ನೋಟಾಮ್ (ವಿಮಾನ ಹಾರಾಟದ ಅಧಿಕೃತ ಸೂಚನೆ) ಓದಿ ತುಂಬಬೇಕು. ತುಂಬದಿದ್ದರೆ ನೇರ ದಾರಿ ತೆರೆದಿದ್ದರೂ ಸುತ್ತುಬಳಸಿನದ್ದನ್ನೇ ಕೊಡುತ್ತೆ. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಎರಡನ್ನೂ ಒಟ್ಟಿಗೆ ಬಳಸಲು ಆಗಲ್ಲ, ದಟ್ಟಣೆ ಇದ್ದಾಗ ಮೇಲೆ ಸುತ್ತು ಹೊಡೆಯಲೇಬೇಕು. ಇದಕ್ಕೆ ಯಾವ ಸಾಫ್ಟ್‌ವೇರನ್ನೂ ಬೈಯಲಾಗದು. ಆದರೆ ತಡ ಆಗುತ್ತೆ ಅಂತ ಮೊದಲೇ ಗೊತ್ತಾದರೆ ಸಮುದ್ರದ ಮೇಲೇ ಕಾಸ್ಟ್ ಇಂಡೆಕ್ಸ್ (ಸಮಯದ ಖರ್ಚು, ಇಂಧನದ ಖರ್ಚು ತೂಗಿ ವೇಗ ನಿರ್ಧರಿಸುವ ಸಂಖ್ಯೆ) ಇಳಿಸಿ ನಿಧಾನಕ್ಕೆ ಬರಲು ಹೇಳಬಹುದು, ಆ ಲೆಕ್ಕವನ್ನು ಇದು ಚೆನ್ನಾಗಿಯೇ ಮಾಡುತ್ತೆ.

ಒಪ್ಪಂದ ಮುಂದುವರಿಸೋಣ ಅಂತಲೇ ಆಫೀಸಿಗೆ ಬರೆದುಕೊಟ್ಟಿದ್ದೇನೆ. ಜೊತೆಗೆ ಒಂದು ಷರತ್ತು ಹಾಕಿದ್ದೇನೆ: ನಮ್ಮ ಮತ್ತು ವಿಮಾನದ ಡೇಟಾಬೇಸ್ ಒಂದಕ್ಕೊಂದು ಹೊಂದದಿದ್ದರೆ ಫ್ಲೈಟ್ ಪ್ಲಾನ್ ಕಳಿಸುವ ಮುಂಚೆಯೇ ಸ್ಕ್ರೀನ್ ಮೇಲೆ ಎಚ್ಚರಿಕೆ ಬರಬೇಕು.