ರ‍್ಯಾಂಕಿಲ್ಲ, ಬಹುಮಾನವಿಲ್ಲ, ಫೋನಿಲ್ಲ: ರಿಷಿ ವ್ಯಾಲಿ ಶಾಲೆಯ ವಿಮರ್ಶೆ, ಪೋಷಕರಿಗಾಗಿ

ಬೆಂಗಳೂರಿನಲ್ಲಿ ಮಗುವನ್ನು ವಸತಿ ಶಾಲೆಗೆ ಹಾಕುವ ಮಾತೆತ್ತಿದರೆ ಐದು ನಿಮಿಷದೊಳಗೆ ಯಾರಾದರೂ ರಿಷಿ ವ್ಯಾಲಿ ಹೆಸರು ತೆಗೆಯುತ್ತಾರೆ. "ಅಲ್ಲಿ ಓದಿಸೋದೇ ಇಲ್ಲ ಕಣ್ರೀ, ಬರೀ ಸೂರ್ಯಾಸ್ತ ತೋರಿಸ್ತಾರೆ" ಅನ್ನುವವರು ಒಂದು ಕಡೆ. "ಸೀಟು ಸಿಕ್ಕಿಬಿಟ್ಟರೆ ಮಗು ಗೆದ್ದ ಹಾಗೆ" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಬ್ರೋಷರ್ ಓದಿ ಮಾತಾಡುವವರೇ ಹೆಚ್ಚು. ಈ ಶಾಲೆಯ ಸಂಪ್ರದಾಯ ಎಂದರೆ ಮುಖ್ಯವಾಗಿ ಏನೇನು ಇಲ್ಲ ಎಂಬುದರ ಸಂಪ್ರದಾಯ. ಒಂದೊಂದು 'ಇಲ್ಲ'ಕ್ಕೂ ಮನೆಯವರು ತೆರಬೇಕಾದ ಬೆಲೆಯೊಂದಿದೆ. ಫೀಸಿನ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಮೊದಲು ಜಾಗ. ಶಾಲೆ ಇರುವುದು ಆಂಧ್ರದ ಮದನಪಲ್ಲಿ ಹತ್ತಿರ, ತೆಟ್ಟು ಎಂಬ ಹಳ್ಳಿಯ ಪಕ್ಕದ ಕಣಿವೆಯಲ್ಲಿ. ಬೆಂಗಳೂರಿಂದ ಹೊಸಕೋಟೆ, ಚಿಂತಾಮಣಿ ಮೇಲೆ ಹೋದರೆ ಸುಮಾರು 140 ಕಿ.ಮೀ., ಕಾರಿನಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ. ಬಸ್ಸಿನಲ್ಲಿ ಮದನಪಲ್ಲಿವರೆಗೆ ತೊಂದರೆಯಿಲ್ಲ, ಅಲ್ಲಿಂದ ಮುಂದೆ ಆಟೋ ಅಥವಾ ಲೋಕಲ್ ಬಸ್ಸು. ಕ್ಯಾಂಪಸ್ಸು ಸುಮಾರು 375 ಎಕರೆ. ಸುತ್ತ ದುಂಡುಬಂಡೆಯ ಗುಡ್ಡಗಳು, ಅವುಗಳಲ್ಲೊಂದು ರಿಷಿಕೊಂಡ. ಇದು ರಾಯಲಸೀಮೆ, ಮಳೆ ಕಡಿಮೆ, ಬರ ಹೊಸದಲ್ಲ. ಈಗ ಕಾಣುವ ಹಸಿರೆಲ್ಲ ದಶಕಗಟ್ಟಲೆ ಗಿಡ ನೆಟ್ಟು, ಮೇಕೆ ತಡೆದು, ಇಂಗುಕೆರೆ ಕಟ್ಟಿ ತಂದದ್ದು. 1991ರಲ್ಲಿ ಕಣಿವೆಯನ್ನು ಪಕ್ಷಿಧಾಮವೆಂದು ಘೋಷಿಸಿದರು. ಬಂಡೆಗುಡ್ಡಗಳಲ್ಲಷ್ಟೇ ವಾಸಿಸುವ, ಎಲ್ಲೆಂದರಲ್ಲಿ ಸಿಗದ ಹಳದಿ ಕತ್ತಿನ ಪಿಕಳಾರ ಇಲ್ಲಿದೆ. ಹಕ್ಕಿ ನೋಡುವ ಹುಚ್ಚು ಇಲ್ಲಿನ ಮಕ್ಕಳಿಗೆ ಸುಲಭವಾಗಿ ಹತ್ತುತ್ತದೆ.

ಇತಿಹಾಸವೂ ಈ ನೆಲಕ್ಕೇ ಅಂಟಿದ್ದು. ಈ ಶಾಲೆಯ ಹಿಂದಿರುವ ಚಿಂತಕ ಜಿಡ್ಡು ಕೃಷ್ಣಮೂರ್ತಿ ಹುಟ್ಟಿದ್ದು ಮದನಪಲ್ಲಿಯಲ್ಲಿ, 1895ರಲ್ಲಿ. ಮುಂದೆ ಆ ಊರು ಥಿಯಾಸಫಿಯವರ, ಅಂದರೆ ಎಲ್ಲ ಧರ್ಮಗಳ ಒಳತಿರುಳು ಒಂದೇ ಎನ್ನುವ ಪಂಥದವರ, ಒಂದು ಕೇಂದ್ರವಾಯಿತು. ಅಲ್ಲಿನ ಬೆಸೆಂಟ್ ಥಿಯಾಸಫಿಕಲ್ ಕಾಲೇಜಿನಲ್ಲಿ 1919ರಲ್ಲಿ ತಂಗಿದ್ದಾಗಲೇ ಟಾಗೋರರು 'ಜನ ಗಣ ಮನ'ವನ್ನು ಇಂಗ್ಲಿಷಿಗೆ ತಂದರು. ಕಾಲೇಜಿನ ಪ್ರಾಂಶುಪಾಲರ ಪತ್ನಿ ಮಾರ್ಗರೆಟ್ ಕಸಿನ್ಸ್ ಅದರ ರಾಗಕ್ಕೆ ಸ್ವರಲಿಪಿ ಹಾಕಿದ್ದೂ ಅಲ್ಲೇ. ಶಾಲೆ ತನ್ನ ಹುಟ್ಟನ್ನು 1926ಕ್ಕೆ ಎಣಿಸುತ್ತದೆ. ಥಿಯಾಸಫಿಯ ನಾಯಕಿ ಆನಿ ಬೆಸೆಂಟರ ಕಾಲದ ದೊಡ್ಡ ವಿಶ್ವವಿದ್ಯಾಲಯದ ಕನಸಿಗಾಗಿ ಈ ಕಣಿವೆಯನ್ನು ಆರಿಸಿಕೊಂಡದ್ದು ಆ ಹೊತ್ತಿನಲ್ಲಿ. ಕನಸು ವಿಶ್ವವಿದ್ಯಾಲಯವಾಗಲಿಲ್ಲ, ಶಾಲೆಯಾಯಿತು. 1929ರಲ್ಲಿ ಕೃಷ್ಣಮೂರ್ತಿ, ಥಿಯಾಸಫಿಯವರು ತನ್ನ ಸುತ್ತ ಕಟ್ಟಿದ್ದ ಸಂಘವನ್ನೇ ವಿಸರ್ಜಿಸಿ 'ನನಗೆ ಶಿಷ್ಯರು ಬೇಡ' ಎಂದಮೇಲೆ ಈ ಶಾಲೆಯ ಮೇಲೂ ಯಾವ ಪಂಥದ ಮುದ್ರೆಯೂ ಉಳಿಯಲಿಲ್ಲ. ಮೊದಲ ದಶಕಗಳಲ್ಲಿ ಜಿ.ವಿ. ಸುಬ್ಬರಾವ್ ನಡೆಸಿದರು. 1950ರ ದಶಕದಲ್ಲಿ ಬಂದ ಎಫ್.ಜಿ. ಪಿಯರ್ಸ್ ಅದಕ್ಕೆ ಮುಂಚೆ ಗ್ವಾಲಿಯರಿನ ಸಿಂಧಿಯಾ ಶಾಲೆಯ ಪ್ರಾಂಶುಪಾಲರು. ಅಚ್ಚುಕಟ್ಟು ಪಬ್ಲಿಕ್ ಸ್ಕೂಲಿನ ಅನುಭವವಿದ್ದವರು ಪದಕ, ಕಪ್ಪು, ಶೀಲ್ಡುಗಳಿಲ್ಲದ ಶಾಲೆಗೆ ಬಂದದ್ದು ಒಂದು ವಿಚಿತ್ರವೇ. ಕೃಷ್ಣಮೂರ್ತಿ ಹೆಚ್ಚಾಗಿ ಚಳಿಗಾಲದಲ್ಲಿ ಬಂದು ಮಕ್ಕಳ ಜೊತೆ, ಮೇಷ್ಟ್ರುಗಳ ಜೊತೆ ಕೂತು ಮಾತಾಡುತ್ತಿದ್ದರು. ಕೊನೆಯ ಭೇಟಿ 1985ರ ಕೊನೆಗೆ. 1986ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆಮೇಲೆ ಶಾಲೆ ಮಠವಾಗಲಿಲ್ಲ, ಆರತಿ-ಪಾದುಕೆ ಬರಲಿಲ್ಲ. ಇದನ್ನು ಒಂದು ಪ್ಲಸ್ ಪಾಯಿಂಟ್ ಎಂದೇ ಬರೆದುಕೊಳ್ಳಿ.

ನಾಲ್ಕನೇ ತರಗತಿಯಿಂದ ಹನ್ನೆರಡರವರೆಗೆ, ಹುಡುಗ-ಹುಡುಗಿಯರು ಸೇರಿ ಸುಮಾರು 350 ಮಕ್ಕಳು. ಹಾಸ್ಟೆಲನ್ನು 'ಹೌಸ್' ಅನ್ನುತ್ತಾರೆ. ಒಂದೊಂದಕ್ಕೂ ಹೌಸ್ ಪೇರೆಂಟ್ ಇರುತ್ತಾರೆ, ಅವರು ಪಾಠ ಮಾಡುವ ಮೇಷ್ಟ್ರೋ ಟೀಚರೋ ಆಗಿರುತ್ತಾರೆ. ಬೆಳಿಗ್ಗೆ ಗಣಿತ ಕಲಿಸಿದವರೇ ರಾತ್ರಿ ಜ್ವರ ನೋಡುವುದು. ಶಾಲೆಯ ಗಟ್ಟಿತನ ಇರುವುದೂ ಇಲ್ಲೇ, ಅದೃಷ್ಟದಾಟ ಇರುವುದೂ ಇಲ್ಲೇ. ಮಗುವಿಗೂ ಹೌಸ್ ಪೇರೆಂಟಿಗೂ ಹೊಂದಿಕೆಯಾದರೆ ಮುಕ್ಕಾಲು ಪಾಲು ಚಿಂತೆ ತೀರಿತು. ಆಗದಿದ್ದರೆ ಮಗು ಕ್ಲಾಸಲ್ಲಿ ಚೆನ್ನಾಗಿದ್ದೂ ಹೌಸಲ್ಲಿ ಮುದುಡುತ್ತದೆ. ಯಾವ ವಸತಿ ಶಾಲೆಗೂ ಈ ಮಾತು ಸಲ್ಲುತ್ತದೆ, ಆದರೆ ಇಲ್ಲಿ ಮಾರ್ಕ್ಸು, ಪದಕಗಳ ಆಸರೆ ಇಲ್ಲದ್ದರಿಂದ ಮನುಷ್ಯ ಸಂಬಂಧದ ಮೇಲೆ ಭಾರ ಹೆಚ್ಚು ಬೀಳುತ್ತದೆ.

ಸಂಪ್ರದಾಯಗಳಲ್ಲಿ ಬೆಳಗಿನ ಅಸೆಂಬ್ಲಿಯನ್ನು ಮೊದಲು ಹೇಳಬೇಕು. ಭಾಷಣ, ಶಿಸ್ತಿನ ಸಾಲು, ಶೂ ತಪಾಸಣೆ ಇಲ್ಲ. ಎಲ್ಲರೂ ನೆಲದ ಮೇಲೆ ಕೂತು ಸಂಸ್ಕೃತದ ಮಂತ್ರ, ನಾನಾ ಭಾಷೆಯ ಹಾಡು ಹೇಳುತ್ತಾರೆ. ಅರ್ಥ ಗೊತ್ತಾಗುವ ಮೊದಲೇ ಮಕ್ಕಳಿಗೆ ಬಾಯಿಪಾಠವಾಗಿಬಿಟ್ಟಿರುತ್ತದೆ. ಎರಡನೆಯದು ಅಸ್ತಾಚಲ. ಸಂಜೆ ಆಟ ಮುಗಿದ ಮೇಲೆ ಪಡುವಣ ಕಾಣುವ ಜಾಗದಲ್ಲಿ ಮಕ್ಕಳು ದೂರದೂರ ಕೂತು, ಸೂರ್ಯ ಮುಳುಗುವವರೆಗೆ ಸುಮ್ಮನಿರಬೇಕು. ಕಣ್ಣು ಮುಚ್ಚು, ಉಸಿರು ನೋಡು ಎಂದು ಯಾರೂ ಹೇಳಿಕೊಡುವುದಿಲ್ಲ. ಹತ್ತು ವರ್ಷದ ಮಗು ಮೊದಲ ತಿಂಗಳು ಅಲ್ಲಿ ಇರುವೆ ಎಣಿಸುತ್ತದೆ, ಕಲ್ಲು ಕೆರೆಯುತ್ತದೆ, ಪಕ್ಕದವನಿಗೆ ಕಡ್ಡಿ ಎಸೆಯುತ್ತದೆ. ಅದು ಸಹಜ. ಧ್ಯಾನದ ತರಬೇತಿ ಎಂದು ಲೆಕ್ಕ ಹಾಕಿದ ತಂದೆತಾಯಿಗೆ ಇದು ನಿರಾಸೆ ತರುತ್ತದೆ. ಏನೂ ಮಾಡದೆ ಕೂರುವುದಕ್ಕೆ ದಿನಚರಿಯಲ್ಲಿ ಜಾಗ ಇಟ್ಟಿರುವುದೇ ಅದರ ಉಪಯೋಗ.

ಹಳೆಯ ದೊಡ್ಡ ಆಲದ ಮರದ ಕೆಳಗೆ ನಾಟಕ, ನೃತ್ಯ, ಕಛೇರಿ ನಡೆಸುವ ವಾಡಿಕೆ, ಜಾನಪದ ಕುಣಿತದ ಸಂಜೆ, ಗುಡ್ಡ ಹತ್ತುವುದು ಇವೆಲ್ಲ ದಶಕಗಳಿಂದ ಬಂದವು. ಊಟ ಶುದ್ಧ ಸಸ್ಯಾಹಾರ. ಮನೆಯಲ್ಲಿ ಮೀನು-ಮಾಂಸ ತಿಂದು ಬೆಳೆದ ಮಕ್ಕಳು ಮೊದಲು ಗೊಣಗಿದರೂ ಹೊಂದಿಕೊಳ್ಳುತ್ತಾರೆ.

ಈಗ ರ‍್ಯಾಂಕ್ ವಿಷಯ. ಕೆಳಗಿನ ತರಗತಿಗಳಲ್ಲಿ ಪರೀಕ್ಷೆಯ ಗದ್ದಲವಿಲ್ಲ. ವರದಿಯಲ್ಲಿ ಅಂಕಿಯ ಬದಲು ಮಾತು ಬರುತ್ತದೆ: ಭಿನ್ನರಾಶಿ ಅರ್ಥವಾಗಿದೆ, ಲೆಕ್ಕ ಬರೆಯುವಾಗ ಹಂತ ಹಾರಿಸುತ್ತಾನೆ, ಓದುವುದು ಇಷ್ಟ, ಬರೆಯಲು ಸೋಮಾರಿ, ಹೀಗೆ. ಇದನ್ನು ಓದಲು ಪೋಷಕರಿಗೆ ಅಭ್ಯಾಸ ಬೇಕು. 'ಇನ್ನೂ ಸ್ವಲ್ಪ ಗಮನ ಬೇಕು' ಎಂಬ ಮೆದು ವಾಕ್ಯವನ್ನು ಮೆಚ್ಚುಗೆ ಎಂದು ಓದಿಕೊಂಡು, ಒಂಬತ್ತನೇ ತರಗತಿಗೆ ಬಂದಾಗ ಬೆಚ್ಚಿಬೀಳುವವರಿದ್ದಾರೆ. ಪೋಷಕರ ಭೇಟಿಗೆ ಹೋದಾಗ "ಚೆನ್ನಾಗಿದ್ದಾನಾ?" ಎಂದು ಕೇಳಿದರೆ "ಹೂಂ, ಚೆನ್ನಾಗಿದ್ದಾನೆ" ಎಂಬ ಉತ್ತರವೇ ಬರುತ್ತದೆ. "ಈ ತರಗತಿಗೆ ಬರಬೇಕಾದ ಯಾವುದು ಅವನಿಗೆ ಇನ್ನೂ ಬರುವುದಿಲ್ಲ?" ಎಂದು ಕೇಳಿ, ನೋಟ್‌ಬುಕ್ ತೆರೆಸಿ. ಇನ್ನೊಂದು ಕೆಟ್ಟ ಪರಿಪಾಠ ಮನೆಯದೇ: ರಜೆಗೆ ಬಂದ ಮಗುವನ್ನು ಅಕ್ಕಪಕ್ಕದ ಮಕ್ಕಳ ಮಾರ್ಕ್ಸ್ ಜೊತೆ ತೂಗುವುದು, ಟ್ಯೂಷನ್ನಿಗೆ ತುರುಕುವುದು. ಶಾಲೆ ಒಂದು ಕಡೆ, ಮನೆ ಇನ್ನೊಂದು ಕಡೆ ಎಳೆದರೆ ಮಗು ಎರಡೂ ಕಡೆ ಸುಳ್ಳು ಹೇಳಲು ಕಲಿಯುತ್ತದೆ.

ಫೋನ್ ಮಕ್ಕಳ ಕೈಗೆ ಸಿಗುವುದಿಲ್ಲ, ಅದಕ್ಕೇ ಕಾಗದ ಬರೆಯುವುದು ಇಲ್ಲಿ ಇನ್ನೂ ಬದುಕಿದೆ. ಹೊಸ ಮಗುವಿನ ಮೊದಲ ಕಾಗದಗಳಲ್ಲಿ "ಕರ್ಕೊಂಡ್ ಹೋಗಿ" ಎಂಬ ಸಾಲು ಇದ್ದೇ ಇರುತ್ತದೆ. ಕಾಗದ ಕೈಸೇರುವ ಹೊತ್ತಿಗೆ ಮಗು ಮರೆತು ಆಡುತ್ತಿರುತ್ತದೆ, ಕಣ್ಣೀರು ಹಾಕುವ ಸರದಿ ಅಮ್ಮನದು. ಓಡಿಹೋಗುವ ಮೊದಲು ಹೌಸ್ ಪೇರೆಂಟಿಗೆ ಮಾತಾಡಿ: ಊಟ ಮಾಡುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಜೊತೆಗಾರರಿದ್ದಾರೆಯೇ. ಮೂರಕ್ಕೂ 'ಇಲ್ಲ' ಬಂದರೆ ಹೊರಡಿ. ಸಾಮಾನಿನ ಪಟ್ಟಿಯನ್ನು ಶಾಲೆಯೇ ಕೊಡುತ್ತದೆ. ಅದರ ಜೊತೆಗೆ ನೆನಪಿಡಬೇಕಾದವು ಇವು: ಯೂನಿಫಾರ್ಮ್ ಇಲ್ಲದ ಕಡೆ ಎಲ್ಲರ ಬಟ್ಟೆಯೂ ಕಲೆತುಹೋಗುತ್ತದೆ, ಒಳಉಡುಪು, ಸಾಕ್ಸ್, ಟವೆಲ್ಲು ಎಲ್ಲದಕ್ಕೂ ಅಳಿಸದ ಶಾಯಿಯಲ್ಲಿ ಹೆಸರು ಬರೆಯಿರಿ. ಬಂಡೆ ಪ್ರದೇಶವಾದ್ದರಿಂದ ಹಾವು-ಚೇಳು ಇವೆ. ಗಟ್ಟಿ ಟಾರ್ಚು, ಮುಚ್ಚಿದ ಚಪ್ಪಲಿ ಬೇಕು. ಡಿಸೆಂಬರ್-ಜನವರಿ ರಾತ್ರಿಗಳಿಗೆ ಒಂದು ದಪ್ಪ ಸ್ವೆಟರ್. ದುಬಾರಿ ಬಟ್ಟೆ ಕಳಿಸಬೇಡಿ. ಯೂನಿಫಾರ್ಮ್ ಇಲ್ಲ ಎಂದ ಮೇಲೆ ಅಂತಸ್ತು ಬ್ರ್ಯಾಂಡಿನಲ್ಲಿ ಇಣುಕುತ್ತದೆ, ಹದಿಮೂರು-ಹದಿನಾಲ್ಕರ ಮಕ್ಕಳಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ.

ಈ ಶಾಲೆಯ ಅತ್ಯಂತ ಉಪಯುಕ್ತ ಸರಕು ಫೀಸು ಕಟ್ಟಿದವರಿಗೆ ಸಿಕ್ಕದ್ದಲ್ಲ ಎಂದರೆ ಅತಿಶಯವಲ್ಲ. ಅದು ಹಳ್ಳಿ ಶಾಲೆಗಳಿಗೆ ಸಿಕ್ಕ ಕಲಿಕೆಯ ಪದ್ಧತಿ, ಅದರ ಕಥೆ ಹೋಗಿ ಬಂದು ನಮ್ಮ ರಾಜ್ಯದಲ್ಲೇ ಸುತ್ತುತ್ತದೆ. ರಿಷಿ ವ್ಯಾಲಿಯಲ್ಲಿ ಪಾಠ ಮಾಡಿದ್ದ ಡೇವಿಡ್ ಹಾರ್ಸ್‌ಬರೋ 1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡು ಬಳಿ ನೀಲ್‌ಬಾಗ್ ಶಾಲೆ ಕಟ್ಟಿದರು. ವಯಸ್ಸಿಗೊಂದು ಕ್ಲಾಸು ಎಂಬುದನ್ನು ಬಿಟ್ಟು, ಎಲ್ಲ ವಯಸ್ಸಿನ ಮಕ್ಕಳೂ ಒಟ್ಟಿಗೆ ಕೂತು ಅವರವರ ವೇಗದಲ್ಲಿ ಕಲಿಯುವ ಪದ್ಧತಿ ಅಲ್ಲಿತ್ತು. ಅಲ್ಲಿ ತರಬೇತಾದ ಪದ್ಮನಾಭ ರಾವ್ ಮತ್ತು ರಮಾ ದಂಪತಿ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರ ಸೇರಿ, ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗೆ 'ಸ್ಕೂಲ್ ಇನ್ ಎ ಬಾಕ್ಸ್' ರೂಪಿಸಿದರು. ಪಠ್ಯಪುಸ್ತಕವನ್ನು ಬಿಡಿ ಕಾರ್ಡುಗಳಾಗಿ ಒಡೆದು, ಏಣಿಯ ಮೆಟ್ಟಿಲಿನಂತೆ ಜೋಡಿಸಿದ ಕಿಟ್ ಅದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆ ಮೇಷ್ಟ್ರುಗಳು ಹೋಗಿ ನೋಡಿ ಬಂದು ತಮ್ಮ ಕ್ಲಾಸಿಗೆ ಒಗ್ಗಿಸಿಕೊಂಡರು, ಯೂನಿಸೆಫ್ ನೆರವಾಯಿತು. ಅದೇ ನಲಿಕಲಿ. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹಬ್ಬಿತು.

ನಲಿಕಲಿ ಕೊಠಡಿ ನೋಡಿದವರಿಗೆ ಗೊತ್ತು. ಅಲ್ಲಿ ಅಕ್ಷರ ಅ-ಆ-ಇ-ಈ ಸಾಲಿನಲ್ಲಿ ಬರುವುದಿಲ್ಲ; ರ, ಗ, ಸ, ದ, ಅ ಮೊದಲು. ಐದೇ ಅಕ್ಷರಕ್ಕೆ ಸರ, ಗರಗಸ, ಅರಸ, ಅಗಸ ಎಲ್ಲ ಓದಲು ಬರುತ್ತದೆ, ಮಗುವಿಗೆ ಹುರುಪು ಹತ್ತುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಕೆಲಸ ತೂಗುಹಾಕಲು ಹಗ್ಗ ಕಟ್ಟಿದ ಕಲಿಕಾ ಚಪ್ಪರ, ನೆಲದ ಮೇಲೆ ಐದು ಗುಂಪುಗಳಿಗೆ ಐದು ತಟ್ಟೆ. ಮೊದಲ ತಟ್ಟೆಯ ಗುಂಪಿಗೆ ಮೇಷ್ಟ್ರ ಪೂರ್ತಿ ಸಹಾಯ, ಮೂರನೆಯದಕ್ಕೆ ಸಹಪಾಠಿಗಳದು, ಐದನೆಯದು ಸ್ವಕಲಿಕೆ. ಕೆಡುವುದು ಎಲ್ಲಿ? ಒಂದು ಕಾರ್ಡು ಕಳೆದರೆ ಆ ಮೆಟ್ಟಿಲಿನಲ್ಲಿ ಮಗು ನಿಂತುಬಿಡುತ್ತದೆ. ಮಕ್ಕಳು ಜಾಸ್ತಿಯಾದರೆ ಮೊದಲೆರಡು ತಟ್ಟೆಗೇ ಮೇಷ್ಟ್ರ ಹೊತ್ತೆಲ್ಲ ಹೋಗುತ್ತದೆ. ತರಬೇತಾದವರು ವರ್ಗವಾಗಿ ಹೋದರೆ ಬಂದವರು ಕಾರ್ಡುಗಳನ್ನು ಬೀರುವಿಗೆ ಸೇರಿಸಿ ಬೋರ್ಡಿನ ಮೇಲೆ ಪಾಠ ಶುರುಮಾಡುತ್ತಾರೆ. ರಿಷಿ ವ್ಯಾಲಿಯ ಕಿಟ್ಟು ಚಿಕ್ಕ ಶಾಲೆಗೆ, ತಾನೇ ಕಾರ್ಡು ಬರೆದು ತಿದ್ದುವ ಶಿಕ್ಷಕರಿಗೆ ಮಾಡಿದ್ದು ಎಂಬುದನ್ನು ಇಲಾಖೆ ಮರೆತಾಗಲೆಲ್ಲ ಹೀಗಾಯಿತು.

ಮತ್ತೆ ಫೀಸು ಕಟ್ಟುವವರ ವಿಷಯಕ್ಕೆ. ಹತ್ತಕ್ಕೆ ಐಸಿಎಸ್‌ಇ, ಹನ್ನೆರಡಕ್ಕೆ ಐಎಸ್‌ಸಿ. ನೀಟ್, ಜೆಇಇ ಕೋಚಿಂಗಿನ ಜಾಗ ಇದಲ್ಲ. ಆ ದಾರಿ ಖಚಿತವಿದ್ದವರು ಹತ್ತರ ನಂತರ ಹೊರಬರುವುದು ಅಥವಾ ಹನ್ನೆರಡರ ಮೇಲೆ ಒಂದು ವರ್ಷ ಮುಡಿಪಿಡುವುದು, ಎರಡರಲ್ಲೊಂದು. ಕನ್ನಡದ ತಂದೆತಾಯಂದಿರು ಕಡೆಗಣಿಸುವ ಇನ್ನೊಂದು ಕಾಗದದ ಲೆಕ್ಕವಿದೆ. ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟಿಗೆ, ಮುಖ್ಯ ಅರ್ಹತಾ ವಿಧಿಯ ಪ್ರಕಾರ, ಮಗು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಒಂದರಿಂದ ಮೂರು ಬೆಂಗಳೂರಲ್ಲಿ, ನಾಲ್ಕರಿಂದ ಹತ್ತು ಆಂಧ್ರದ ಈ ಕಣಿವೆಯಲ್ಲಿ, ಪಿಯುಸಿ ಮತ್ತೆ ಬೆಂಗಳೂರಲ್ಲಿ ಎಂದರೆ ಸಿಕ್ಕುವುದು ಐದೇ ವರ್ಷ. ತಂದೆ ಅಥವಾ ತಾಯಿಯ ಓದು, ವಾಸದ ಮೇಲೆ ಅರ್ಹತೆ ಕೊಡುವ ಬೇರೆ ವಿಧಿಗಳಿವೆ. ಅವು ನಿಮಗೆ ಅನ್ವಯಿಸುತ್ತವೆಯೇ ಎಂದು ಸಿಇಟಿ ನಡೆಸುವ ಕೆಇಎಯ ಮಾಹಿತಿ ಪುಸ್ತಿಕೆಯಲ್ಲಿ ನೋಡಿ, ನಿಮ್ಮ ಹಳೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಸಮೇತ ಈಗಲೇ ಎತ್ತಿಡಿ. ಸೀಟು ಹಂಚಿಕೆಯ ವಾರದಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ.

ಸೇರ್ಪಡೆ ಹೆಚ್ಚಾಗಿ ಕೆಳಗಿನ ತರಗತಿಗಳಿಗೆ. ನಡುವೆ ಖಾಲಿಯಾದಷ್ಟೇ ಸೀಟು. ಹಿಂದಿನ ವರ್ಷವೇ ಅರ್ಜಿ ಹಾಕಬೇಕು. ಮಗುವನ್ನಷ್ಟೇ ಅಲ್ಲ, ತಂದೆತಾಯಿಯನ್ನೂ ಮಾತಾಡಿಸುತ್ತಾರೆ. ಕೃಷ್ಣಮೂರ್ತಿಯವರ ಮಾತುಗಳನ್ನು ಉರು ಹೊಡೆದು ಹೋಗಬೇಕಾಗಿಲ್ಲ. ದ್ವಿತೀಯ ಭಾಷೆಯ ಆಯ್ಕೆಗಳೇನು, ಕನ್ನಡ ಓದು ಮುಂದುವರಿಸಬೇಕಾದರೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಅಲ್ಲೇ ಕೇಳಿಕೊಳ್ಳಿ. ರಜೆಯಲ್ಲಿ ಅಜ್ಜಿಮನೆ ಮಾತೊಂದನ್ನೇ ನಂಬಿದರೆ ಓದು-ಬರಹ ಕೈಬಿಡುತ್ತದೆ. ಈ ರೀತಿನೀತಿ ಇಷ್ಟ, ಆದರೆ ಎಂಟು-ಒಂಬತ್ತು ವರ್ಷದ ಮಗುವನ್ನು ಬಿಟ್ಟಿರಲಾರೆವು ಎನ್ನುವವರಿಗೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಕಡೆ ಇದೇ ಕೃಷ್ಣಮೂರ್ತಿ ಫೌಂಡೇಶನ್ನಿನ ವ್ಯಾಲಿ ಸ್ಕೂಲ್ ಇದೆ, 1978ರಿಂದ. ಮಗು ಸಂಜೆ ಮನೆಗೆ ಬರುತ್ತದೆ, ಸಿಇಟಿಯ ಏಳು ವರ್ಷವೂ ತಾನಾಗಿ ತುಂಬುತ್ತದೆ. ಕನಕಪುರ ರಸ್ತೆಯ ಟ್ರಾಫಿಕ್ಕನ್ನು ಮಾತ್ರ ದಿನಾ ಎರಡು ಹೊತ್ತು ಸಹಿಸಬೇಕು.