ಕರಗುವ ಬಿಂದು ಅಳೆಯುವ ಉಪಕರಣ: ಪರದೆಗಿಂತ ನಾಬ್ ಮುಖ್ಯ

ಘನವಸ್ತುವೊಂದು ಯಾವ ಉಷ್ಣತೆಯಲ್ಲಿ ದ್ರವವಾಗುತ್ತದೆ ಎಂಬುದನ್ನು ಅಳೆಯಲು ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬಳಸುವ ವಿದ್ಯುತ್ ಉಪಕರಣವಿದು. ಕಾಯುವ ಲೋಹದ ದಿಮ್ಮಿ, ಅದರಲ್ಲಿ ಕ್ಯಾಪಿಲರಿ ನಳಿಕೆಗಳನ್ನು (ಪುಡಿ ತುಂಬುವ ತೀರಾ ಸಪೂರ ಗಾಜಿನ ಕೊಳವೆಗಳನ್ನು) ಇಳಿಬಿಡಲು ಮೂರು ರಂಧ್ರಗಳು, ಹಿಂದೆ ಪುಟ್ಟ ದೀಪ, ಮುಂದೆ ಭೂತಗನ್ನಡಿ, ಉಷ್ಣತೆಯನ್ನು ದಶಾಂಶದವರೆಗೆ ತೋರಿಸುವ ಪರದೆ ಮತ್ತು ಕಾವನ್ನು ನಿಯಂತ್ರಿಸುವ ನಾಬ್ ಇದರಲ್ಲಿವೆ. ದ್ರವ ಪ್ಯಾರಫಿನ್ ಎಂಬ ಎಣ್ಣೆಯನ್ನು ಜ್ವಾಲೆಯ ಮೇಲೆ ಕಾಯಿಸುವ ಹಳೆಯ ವಿಧಾನದ ಹೊಗೆ ಮತ್ತು ಅಪಾಯ ತಪ್ಪುವುದೇ ದೊಡ್ಡ ನೆಮ್ಮದಿ.

ಭೂತಗನ್ನಡಿಗೆ ಪೂರ್ಣ ಅಂಕ ಕೊಡಬಹುದು. ನಳಿಕೆಯ ತಳದಲ್ಲಿ 2–3 ಮಿಲಿಮೀಟರ್ ಎತ್ತರಕ್ಕೆ ತುಂಬಿದ ನುಣ್ಣನೆಯ ಪುಡಿ ಮೊದಲು ಕುಗ್ಗಿ, ಅಂಚಿನಲ್ಲಿ ಒದ್ದೆಯಾದಂತೆ ಹೊಳೆದು, ಕೊನೆಗೆ ತಿಳಿಯಾದ ದ್ರವವಾಗುವುದು ಸ್ಪಷ್ಟವಾಗಿ ಕಾಣುತ್ತದೆ.

ನಾಬ್ ಬಗ್ಗೆ ಇದೇ ಮಾತು ಹೇಳಲಾಗದು. ಕರಗುವ ಬಿಂದು ಹತ್ತಿರವಾದಾಗ ಉಷ್ಣತೆ ನಿಮಿಷಕ್ಕೆ 1–2 ಡಿಗ್ರಿಗಿಂತ ವೇಗವಾಗಿ ಏರಬಾರದು; ಇಲ್ಲಿ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರೂ ದಿಮ್ಮಿ ಅದಕ್ಕಿಂತ ಬೇಗ ಕಾಯುತ್ತದೆ. ಸುಮಾರು 122 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಬೇಕಾದ ಶುದ್ಧ ಬೆಂಜೋಯಿಕ್ ಆಮ್ಲವು, ಅವಸರದಲ್ಲಿ ಕಾಯಿಸಿದರೆ, ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಕರಗಿದಂತೆ ತೋರುತ್ತದೆ. ಕಾರಣ ಸರಳ: ಕರಗುವ ಹೊತ್ತಿನಲ್ಲಿ ಒಳಬರುವ ಶಾಖವು ಉಷ್ಣತೆಯನ್ನು ಏರಿಸುವುದಿಲ್ಲ, ಹರಳಿನಲ್ಲಿ ಕಣಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟಿರುವ ಸೆಳೆತವನ್ನು ಸಡಿಲಿಸಲು ವೆಚ್ಚವಾಗುತ್ತದೆ. ಹೀಗೆ ವೆಚ್ಚವಾಗುವ ಶಾಖವೇ ಗುಪ್ತೋಷ್ಣ; ಉದಾಹರಣೆಗೆ, ಒಂದು ಕಿಲೋಗ್ರಾಂ ಮಂಜುಗಡ್ಡೆ 0 ಡಿಗ್ರಿಯಲ್ಲೇ ನಿಂತು ನೀರಾಗಲು ಅದು ಸುಮಾರು 334 ಕಿಲೋಜೂಲ್ ಬೇಕು. ನಳಿಕೆಯಲ್ಲಿರುವ ಪುಡಿಗೂ ಇಂಥ ಶಾಖ ಬೇಕು, ಅದು ಗಾಜನ್ನು ದಾಟಿ ಪುಡಿಯನ್ನು ತಲುಪಲು ಸಮಯ ಹಿಡಿಯುತ್ತದೆ; ಪರದೆ ತೋರಿಸುವುದು ದಿಮ್ಮಿಯ ಉಷ್ಣತೆಯನ್ನೇ ಹೊರತು ಪುಡಿಯದನ್ನಲ್ಲ. ಹೀಗಿರುವಾಗ ಆ ದಶಾಂಶ ಸ್ಥಾನ ಬರೀ ಅಲಂಕಾರ.

ಮೂರು ರಂಧ್ರಗಳ ಉಪಯೋಗ ಮಾತ್ರ ನಿಜವಾದದ್ದು. ಯೂರಿಯಾ ಮತ್ತು ಸಿನ್ನಮಿಕ್ ಆಮ್ಲ ಎರಡೂ ಸುಮಾರು 133 ಡಿಗ್ರಿಯಲ್ಲಿ ಕರಗುವುದರಿಂದ ಅಂಕಿಯೊಂದರಿಂದಲೇ ಅವುಗಳನ್ನು ಗುರುತಿಸಲಾಗದು. ಎರಡನ್ನೂ ಬೇರೆ ಬೇರೆ ನಳಿಕೆಗಳಲ್ಲಿಟ್ಟು, ಮೂರನೆಯದರಲ್ಲಿ ಅವುಗಳ ಮಿಶ್ರಣವನ್ನಿಟ್ಟು ಒಟ್ಟಿಗೆ ಕಾಯಿಸಿದರೆ, ಮಿಶ್ರಣವು ಬಹಳ ಮೊದಲೇ ಕರಗತೊಡಗುತ್ತದೆ. ಬೆರಕೆಯಿಂದ ಕರಗುವ ಬಿಂದು ಇಳಿಯುತ್ತದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಧನ ವಿರಳ.

ತಂಪಾಗಿಸಲು ಫ್ಯಾನ್ ಇಲ್ಲದ ಕಾರಣ ಒಂದು ಅಳತೆಯ ನಂತರ ಮತ್ತೊಂದಕ್ಕೆ ಬಹಳ ಕಾಯಬೇಕಾಗುತ್ತದೆ. ತಾಳ್ಮೆಯುಳ್ಳ ಸಣ್ಣ ತಂಡಕ್ಕೆ ಇದು ಸಾಕು. ದೊಡ್ಡ ತರಗತಿಗಾದರೆ ಏರಿಕೆಯ ವೇಗವನ್ನು ಮೊದಲೇ ನಿಗದಿಪಡಿಸಬಹುದಾದ ಮಾದರಿಯನ್ನೇ ಕೊಳ್ಳುವುದು ಒಳ್ಳೆಯದು.